ದಿಲ್ಲಿಗೆ ಬೈದವರು ಜಿಲ್ಲೆಗೆ ಬೀಗ ಹಾಕಿದರು

ಮೈಸೂರು ಜಿಲ್ಲೆಯ ಹಳ್ಳಿಯ ಮತದಾರ ಪ್ರಭುವಿಗೆ ಐದು ಕಡೆ ಓಟು ಹಾಕುವ ಹಕ್ಕುಂಟು. ದಿಲ್ಲಿಯ ಲೋಕಸಭೆಗೆ, ಬೆಂಗಳೂರಿನ ವಿಧಾನಸಭೆಗೆ, ಜಿಲ್ಲಾ ಪಂಚಾಯ್ತಿಗೆ, ತಾಲ್ಲೂಕು ಪಂಚಾಯ್ತಿಗೆ, ಊರಿನ ಗ್ರಾಮ ಪಂಚಾಯ್ತಿಗೆ. ಇವುಗಳಲ್ಲಿ ಜಿಲ್ಲೆ ಮತ್ತು ತಾಲ್ಲೂಕಿನ ಓಟು 2016ರ ಫೆಬ್ರವರಿಯಲ್ಲಿ ಬಿತ್ತು. ಗೆದ್ದವರ ಐದು ವರ್ಷದ ಅವಧಿ 2021ರಲ್ಲಿ ಮುಗಿಯಿತು. ಅಲ್ಲಿಂದಾಚೆ ನಾಲ್ಕು ವರ್ಷ ಕಳೆದರೂ ಆ ಎರಡು ಓಟು ಹಾಕುವ ದಿನ ಬರಲೇ ಇಲ್ಲ.

ಪೇಟೆಯವರೇನೂ ಮೀಸೆ ತಿರುವಬೇಕಾಗಿಲ್ಲ. ಮೈಸೂರು ಮಹಾನಗರ ಪಾಲಿಕೆಯ ಅವಧಿ 2023ರ ನವೆಂಬರಿನಲ್ಲಿ ಮುಗಿದು, ಮೇಯರ್ ಕುರ್ಚಿ ಖಾಲಿಯಾಗಿ, ಆಡಳಿತ ಅಧಿಕಾರಿಯ ಕೈಗೆ ಹೋಯಿತು.

ಇದಕ್ಕಾಗಿ ಎಲ್ಲಾದರೂ ಬಂದ್ ನಡೆಯಿತೇ? ಯಾರದಾದರೂ ಪ್ರತಿಕೃತಿ ಸುಟ್ಟರೇ? ಶಾಸಕರೊಬ್ಬರಾದರೂ ವಿಧಾನಸೌಧದ ಗಾಂಧಿ ಪ್ರತಿಮೆಯ ಮುಂದೆ ಇದಕ್ಕೆಂದೇ ಧರಣಿ ಕೂತರೇ? ಹಾಲಿನ ದರ ಎರಡು ರೂಪಾಯಿ ಏರಿದರೆ ಬೀದಿಗೆ ಬರುವ ಮಂದಿ, ಕೈಲಿದ್ದ ಎರಡು ಓಟು ಮಾಯವಾದಾಗ ತಣ್ಣಗೆ ಮಲಗಿದ್ದರು. ಅವರ ನಿದ್ದೆ ಕೆಡದಿರಲಿ ಎಂದು ಬೆಂಗಳೂರಿನವರು ಮೆತ್ತಗೆ ಬಾಗಿಲು ಮುಂದಕ್ಕೆಳೆದು ಬೀಗ ಹಾಕಿಕೊಂಡು ಹೋದರು.

ಅರ್ಜಿಯಿಂದ ಓಟಿನವರೆಗೆ

ಈ ಮೈಸೂರಿಗೇ ಇಂಥ ಗತಿ ಬಂದಿತೆಂಬುದು ವಿಪರ್ಯಾಸ. ದೇಶದ ಉಳಿದ ಸಂಸ್ಥಾನಗಳಲ್ಲಿ ಪ್ರಜೆ ಎಂದರೆ ಕಂದಾಯ ಕಟ್ಟುವವನು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ, 1881ರಲ್ಲಿ, ದಿವಾನ್ ರಂಗಾಚಾರ್ಲು ಇಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆ; ದಸರೆಯ ಹೊತ್ತು; ಬಂದವರು 144 ಮಂದಿ. ತಾಲ್ಲೂಕಿಗೆ ಒಬ್ಬರೋ ಇಬ್ಬರೋ ಜಮೀನುದಾರರು, ಜಿಲ್ಲೆಗೆ ಮೂರೋ ನಾಲ್ಕೋ ವರ್ತಕರು. ಅವರನ್ನು ಯಾರೂ ಓಟು ಹಾಕಿ ಕಳಿಸಿರಲಿಲ್ಲ. ಅವರ ಕೈಯಲ್ಲಿ ಅಧಿಕಾರವೂ ಇರಲಿಲ್ಲ. ದಿವಾನರ ಭಾಷಣ ಕೇಳುವುದು, ಕೆರೆ ಒಡೆದಿದೆ, ರಸ್ತೆ ಕೆಟ್ಟಿದೆ, ತೆರಿಗೆ ಜಾಸ್ತಿಯಾಯಿತು ಎಂದು ಅರಿಕೆ ಮಾಡಿಕೊಳ್ಳುವುದು, ಊರಿಗೆ ವಾಪಸಾಗುವುದು. ಅಷ್ಟೇ ಕೆಲಸ.

ಹತ್ತು ವರ್ಷದ ಮೇಲೆ ಚುನಾವಣೆ ಪದ್ಧತಿ ಬಂತು. ಅದೂ ಕಂದಾಯ ಹೆಚ್ಚು ಕಟ್ಟುವ ಆಸ್ತಿವಂತರಿಗೆ. 1907ರಲ್ಲಿ ಶಾಸನ ಪರಿಷತ್ತು ಬಂತು. 1923ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ಸಿಕ್ಕಿತು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಓಟು ಇಲ್ಲ ಎನ್ನುವ ಕಟ್ಟಳೆಯೂ ಹೋಯಿತು. ಆದರೆ ಗಂಡಾಗಲಿ ಹೆಣ್ಣಾಗಲಿ, ಹೆಸರಿನಲ್ಲಿ ಆಸ್ತಿ ಇಲ್ಲದವರಿಗೆ ಓಟೂ ಇಲ್ಲ. ಗೇಣಿದಾರ, ಕೂಲಿಯಾಳು, ಜೀತದಾಳು ಇವರೆಲ್ಲ ದಸರೆಯ ಜಂಬೂಸವಾರಿ ನೋಡಬಹುದಾಗಿತ್ತು, ಸಭೆಯೊಳಕ್ಕೆ ಬರುವಂತಿರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ‘ಮೈಸೂರು ಚಲೋ’ ಚಳವಳಿ ಆಗಬೇಕಾಯಿತು. ಲಾಠಿ ಏಟು, ಜೈಲು, ಗೋಲಿಬಾರು ಎಲ್ಲ ಆದ ಮೇಲೆ 1947ರ ಅಕ್ಟೋಬರಿನಲ್ಲಿ ಕೆ.ಸಿ.ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು. ಆಮೇಲೆ ಬಂದದ್ದು 1952ರ ಮೊದಲ ಮಹಾ ಚುನಾವಣೆ. 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಓಟು. ಸಾಹುಕಾರನಿಗೂ ಒಂದೇ, ಅವನ ಮನೆಯ ಆಳಿಗೂ ಒಂದೇ. ಅಭ್ಯರ್ಥಿಗೊಂದು ಡಬ್ಬ, ಡಬ್ಬದ ಮೇಲೆ ಚಿಹ್ನೆ. ಓದು ಬರಹ ಬಾರದವರೂ ತಮಗೆ ಬೇಕಾದ ಡಬ್ಬಕ್ಕೆ ಚೀಟಿ ಹಾಕಿ ಬಂದರು. ಮೈಸೂರು ವಿಧಾನಸಭೆಯ 99 ಸ್ಥಾನಗಳಿಗೆ ಚುನಾವಣೆ ನಡೆದು ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದರು.

ಅರ್ಜಿ ಹಿಡಿದು ಕೈ ಮುಗಿದು ನಿಲ್ಲುತ್ತಿದ್ದವನ ಮುಂದೆ, ಅರ್ಜಿ ತೆಗೆದುಕೊಳ್ಳುವವನೇ ಬಂದು ಕೈ ಮುಗಿಯುವ ಕಾಲ ಬರಲು 71 ವರ್ಷ ಹಿಡಿಯಿತು. ಇದು ಪುಕ್ಕಟೆ ಬಂದ ಹಕ್ಕಲ್ಲ.

ಓಟುದಾರ ದಡ್ಡನಲ್ಲ

ಹಳ್ಳಿಯವನಿಗೆ ಓಟು ಕೊಟ್ಟರೆ ಮಾರಿಕೊಳ್ಳುತ್ತಾನೆ, ಜಾತಿ ನೋಡಿ ಒತ್ತುತ್ತಾನೆ, ಅವನಿಗೇನು ಗೊತ್ತಾಗುತ್ತೆ ಎನ್ನುವ ಮಾತು ಕ್ಲಬ್ಬುಗಳಲ್ಲೂ ಕಛೇರಿಗಳಲ್ಲೂ ಮೊದಲಿನಿಂದ ಇದ್ದದ್ದೇ. ಲೆಕ್ಕ ಮಾತ್ರ ಬೇರೆ ಹೇಳುತ್ತದೆ.

ಡಿಸೆಂಬರ್ 1984ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ರಾಜ್ಯದಲ್ಲಿ ಆಳುತ್ತಿದ್ದ ಜನತಾ ಪಕ್ಷಕ್ಕೆ ದಕ್ಕಿದ್ದು 4. ರಾಮಕೃಷ್ಣ ಹೆಗಡೆ ನೈತಿಕ ಹೊಣೆ ಎಂದು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. 1985ರ ಮಾರ್ಚಿನಲ್ಲಿ ಅದೇ ಜನ, ಅದೇ ಕೈ, ಅದೇ ಬೆರಳು, ವಿಧಾನಸಭೆಯ 224ರಲ್ಲಿ 139 ಸ್ಥಾನವನ್ನು ಅದೇ ಜನತಾ ಪಕ್ಷಕ್ಕೆ ಕೊಟ್ಟರು. ಮೂರು ತಿಂಗಳೂ ಆಗಿರಲಿಲ್ಲ. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ತೂಗಿ ನೋಡುವ ತಕ್ಕಡಿ ಓಟುದಾರನ ಬಳಿ ಇತ್ತು. ಅಂಥವನಿಗೆ ಜಿಲ್ಲೆಗೆ ಯಾರು, ತಾಲ್ಲೂಕಿಗೆ ಯಾರು ಎಂದು ತೂಗಲು ಬರುವುದಿಲ್ಲವೇ?

ದಿಲ್ಲಿಯ ದರ್ಬಾರು

ಜನ ಕೊಟ್ಟ ಅಧಿಕಾರವನ್ನು ಮೇಲಿನವರು ಕಿತ್ತುಕೊಂಡಾಗ ಹೇಗಿರುತ್ತದೆ ಎಂಬುದು ಬೆಂಗಳೂರಿನ ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತು. 1977ರ ಡಿಸೆಂಬರ್ 31ರಂದು ಹುಣಸೂರಿನ ಮಣ್ಣಿನ ಮಗ ದೇವರಾಜ ಅರಸರ ಸರ್ಕಾರವನ್ನು ದಿಲ್ಲಿಯ ಜನತಾ ಸರ್ಕಾರ ವಜಾ ಮಾಡಿತು. 1978ರ ಫೆಬ್ರವರಿಯಲ್ಲಿ ಚುನಾವಣೆ ನಡೆದಾಗ ಜನ ಅರಸರನ್ನು ಭಾರೀ ಬಹುಮತದಿಂದ ವಾಪಸ್ ಕೂರಿಸಿದರು.

1989ರ ಏಪ್ರಿಲಿನಲ್ಲಿ ಎಸ್.ಆರ್.ಬೊಮ್ಮಾಯಿಯವರ ಸರದಿ. ಈ ಸಲ ದಿಲ್ಲಿಯಲ್ಲಿ ಕಾಂಗ್ರೆಸ್, ಬೆಂಗಳೂರಿನಲ್ಲಿ ಜನತಾ ದಳ. ಶಾಸಕರು ಕೆಲವರು ಬೆಂಬಲ ವಾಪಸ್ ಪಡೆದಿದ್ದಾರೆ ಎಂಬ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲೇ ಕೆಲವರು ಮತ್ತೆ ಸರ್ಕಾರದ ಕಡೆಗೆ ತಿರುಗಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರೂ ಬಿಡದೆ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಇಡೀ ದೇಶದ ರಾಜ್ಯ ಸರ್ಕಾರಗಳಿಗೆ ರಕ್ಷೆಯಾದ ತೀರ್ಪಿಗೆ ಕರ್ನಾಟಕದವರೊಬ್ಬರ ಹೆಸರೇ ನಿಂತಿತು.

ಆವತ್ತಿನಿಂದ ಇಲ್ಲಿನ ಪುಢಾರಿಗಳ ಬಾಯಲ್ಲಿ ಒಂದೇ ಮಂತ್ರ. ಜನರು ಆರಿಸಿದವರನ್ನು ಮೇಲೆ ಕೂತವರು ತೆಗೆಯಬಾರದು, ಚುನಾಯಿತರ ಜಾಗದಲ್ಲಿ ಅಧಿಕಾರಿಗಳನ್ನು ಕೂರಿಸಿ ಆಳಬಾರದು. ಮಾತು ಬಲು ಚೆನ್ನ. ಆದರೆ ಇದೇ ಮಹನೀಯರು ತಮ್ಮ ಕೆಳಗಿನವರಿಗೆ ಏನು ಮಾಡಿದರು ಎಂಬುದನ್ನೂ ಒಮ್ಮೆ ನೋಡಬೇಕಲ್ಲ.

ನೀರ್ ಸಾಬರ ಐದು ವರ್ಷ

ಚುನಾಯಿತ ಸದಸ್ಯರಿದ್ದ ಜಿಲ್ಲಾ ಬೋರ್ಡುಗಳು ಮಹಾರಾಜರ ಕಾಲದಲ್ಲೇ ಇದ್ದವು. 1959ರ ಕಾನೂನು ಬಂದು ಅವು ಹೋದವು. ತಾಲ್ಲೂಕಿಗೆ ಚುನಾಯಿತ ತಾಲ್ಲೂಕು ಬೋರ್ಡು ಸಿಕ್ಕಿತು. ಜಿಲ್ಲೆಗೆ ಸಿಕ್ಕಿದ್ದು ಡಿ.ಸಿ. ಸಾಹೇಬರೇ ಅಧ್ಯಕ್ಷರಾದ ಅಭಿವೃದ್ಧಿ ಮಂಡಳಿ. ರಾಜನ ಕಾಲದಲ್ಲಿ ಜಿಲ್ಲೆಗಿದ್ದ ಚುನಾವಣೆ ಪ್ರಜಾಪ್ರಭುತ್ವದ ಕಾಲದಲ್ಲಿ ಇಲ್ಲವಾಯಿತು!

ಅದನ್ನು ಸರಿ ಮಾಡಿದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಎನಿಸಿಕೊಂಡ ಮಂತ್ರಿ. ಹೆಗಡೆ ಸರ್ಕಾರ 1983ರಲ್ಲಿ ತಂದ ಜಿಲ್ಲಾ ಪರಿಷತ್ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ಆಗ ದೇಶದಲ್ಲಿ ಇದು ಅಪರೂಪದ ಮಾತು. ಜಿಲ್ಲಾ ಪರಿಷತ್ ಅಧ್ಯಕ್ಷನಿಗೆ ರಾಜ್ಯ ಮಂತ್ರಿಯ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡಿ.ಸಿ.ಗಿಂತ ಹಿರಿಯ ಅಧಿಕಾರಿ. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಹಳ್ಳಿ ರಸ್ತೆ ಎಲ್ಲದರ ಲೆಕ್ಕ ಜಿಲ್ಲೆಯಲ್ಲೇ.

ಮೇಷ್ಟ್ರು ಶಾಲೆಗೆ ಬಂದರೋ ಇಲ್ಲವೋ ಎಂದು ನೋಡಲು ಬೆಂಗಳೂರಿನಿಂದ ಯಾರೂ ಬರಬೇಕಾಗಿರಲಿಲ್ಲ. ಮಂಡಲ ಪಂಚಾಯ್ತಿ ಮೆಂಬರು ಪಕ್ಕದ ಬೀದಿಯಲ್ಲೇ ಇದ್ದ. ಮೇಷ್ಟ್ರ ಹಾಜರಿ, ಡಾಕ್ಟರ ಹಾಜರಿ ಸುಧಾರಿಸಿತು ಎಂದು ಆ ವ್ಯವಸ್ಥೆಯನ್ನು ಅಧ್ಯಯನ ಮಾಡಿದವರು ಬರೆದರು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರು ಉಳಿಯಿತು. ಅವರ ಕೆಲಸ ಉಳಿಯಿತೇ?

1989ರ ಕೊನೆಗೆ ಸರ್ಕಾರ ಬದಲಾಯಿತು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಸುವ ಬದಲು ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಜಿಲ್ಲೆಯ ಜನ ಮತ್ತೆ ಓಟು ಹಾಕಿದ್ದು 1995ರಲ್ಲಿ. ನಡುವೆ ಹೋದ ಮೂರು ವರ್ಷಕ್ಕೆ ಯಾರೂ ಉತ್ತರ ಹೇಳಲಿಲ್ಲ.

ಇಂಥದು ಮತ್ತೆ ಆಗಬಾರದೆಂದೇ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು. 1993ರ ಏಪ್ರಿಲಿನಿಂದ ಜಾರಿ. ಪಂಚಾಯ್ತಿಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಅದನ್ನು ನಡೆಸಲು ರಾಜ್ಯಕ್ಕೊಂದು ಸ್ವತಂತ್ರ ಚುನಾವಣಾ ಆಯೋಗ. ಇಷ್ಟು ಸ್ಪಷ್ಟವಾಗಿ ಬರೆದ ಮೇಲೂ ನೆಪ ಹುಡುಕುವುದು ಸಾಧ್ಯವೇ?

ಸಾಧ್ಯವಾಯಿತು.

ನೆಪಗಳ ಪಟ್ಟಿ

2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮಾಡಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಗೆ ಬಿಟ್ಟಿತ್ತು. ಆಗ ಸರ್ಕಾರ ಕಾನೂನಿಗೇ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ಕಿತ್ತು ಹೊಸ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಮಾಡಿದ್ದೆಲ್ಲ ಅಳಿಸಿ ಮೊದಲಿನಿಂದ ಶುರು. ಬೇಸಾಯ ಮಾಡಿ ಕಟಾವಿಗೆ ಬಂದ ಹೊಲವನ್ನು ಮತ್ತೆ ಉಳುವುದಕ್ಕೆ ಹೊರಟ ಹಾಗೆ.

ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿ ಅಂಶ ಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದ್ದು ನಿಜ. ಅದಕ್ಕಾಗಿ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ನೇಮಕವಾಯಿತು, ಕೆಲವೇ ತಿಂಗಳಲ್ಲಿ ವರದಿಯೂ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಮಾತು ಹೇಳಿತ್ತು. ಕ್ಷೇತ್ರ ವಿಂಗಡಣೆ ಮುಗಿದಿಲ್ಲ ಎಂದೋ ಮೀಸಲಾತಿಯ ಪರಿಶೀಲನೆ ಬಾಕಿ ಇದೆ ಎಂದೋ ಸ್ಥಳೀಯ ಚುನಾವಣೆ ಮುಂದೂಡುವ ಹಾಗಿಲ್ಲ ಎಂದು. ಮೊದಲನೇ ಮಾತು ಬೆಂಗಳೂರಿಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೇ ಮಾತಿಗೆ ಕಿವಿ ಮಂದವಾಯಿತು.

2022ರ ಡಿಸೆಂಬರಿನಲ್ಲಿ ಹೈಕೋರ್ಟು ವಿಳಂಬಕ್ಕಾಗಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ದಂಡದ ದುಡ್ಡು ಯಾರ ಜೇಬಿನದು? ಓಟು ಕಳೆದುಕೊಂಡವನದೇ. ತನ್ನ ಓಟು ಕಿತ್ತದ್ದಕ್ಕೆ ತಾನೇ ದಂಡ ಕಟ್ಟಿದ ಮತದಾರ ಪ್ರಭು!

2023ರ ಮೇ ತಿಂಗಳವರೆಗೆ ಆಳಿದ್ದು ಕಮಲದ ಸರ್ಕಾರ. ಆಮೇಲೆ ಬಂದದ್ದು ಕೈ ಸರ್ಕಾರ. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ನಡೆಸಿ ಎಂದವರು ಅಧಿಕಾರ ಸಿಕ್ಕ ಮೇಲೆ ನೋಡೋಣ ಎಂದರು. ನೋಡೋಣ ಎಂದಿದ್ದವರು ವಿರೋಧ ಪಕ್ಷಕ್ಕೆ ಹೋಗಿ ಯಾಕೆ ನಡೆಸಿಲ್ಲ ಎಂದರು. ಇಬ್ಬರೂ ಕುರ್ಚಿ ಬದಲಾಯಿಸಿಕೊಂಡ ಹಾಗೆ ಡೈಲಾಗನ್ನೂ ಬದಲಾಯಿಸಿಕೊಂಡರು, ಅಷ್ಟೇ.

ಹತ್ತಿದ ಏಣಿ

ಕಾರಣ ಗುಟ್ಟಿನದೇನೂ ಅಲ್ಲ. ಜಿಲ್ಲಾ ಪಂಚಾಯ್ತಿಗೆ ಗೆದ್ದು ಬಂದವನು ನಾಳೆ ಶಾಸಕನ ಟಿಕೆಟಿಗೆ ಟವೆಲ್ ಹಾಕುತ್ತಾನೆ. ಚರಂಡಿ, ರಸ್ತೆ, ಅಂಗನವಾಡಿ ಕಟ್ಟಡ ಇವನ್ನೆಲ್ಲ ಅವನೇ ಮಾಡಿಸಿದರೆ ಶಾಸಕರ ಮನೆ ಮುಂದೆ ಬೆಳಿಗ್ಗೆ ಆರಕ್ಕೇ ನೆರೆಯುವ ಜಾತ್ರೆ ಕರಗುತ್ತದೆ. ಗುದ್ದಲಿ ಪೂಜೆಗೆ ಗುದ್ದಲಿ ಹಿಡಿಯುವ ಕೈ ಎರಡಾಗುತ್ತದೆ. ಅಧಿಕಾರಿ ಮಾತ್ರ ಇದ್ದರೆ ಈ ತಲೆನೋವೇ ಇಲ್ಲ. ಅವರು ಹೇಳಿದ ಕಡೆ ರುಜು ಹಾಕುತ್ತಾರೆ, ಓಟಿಗೆ ನಿಲ್ಲುವುದಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವರು ಇವರನ್ನೆಲ್ಲ ಮೊದಲೇ ಕಂಡಿದ್ದರೇನೋ. ಸಂವಿಧಾನ ಕೊಟ್ಟದ್ದನ್ನು ಶಾಸಕ ಕೊಡ.

ಸೋಜಿಗವೆಂದರೆ, ಈ ನಾಡಿನ ದೊಡ್ಡ ನಾಯಕರೆಲ್ಲ ಇದೇ ಏಣಿ ಹತ್ತಿ ಬಂದವರು. ದೇವರಾಜ ಅರಸರು 1941ರಲ್ಲಿ ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿ ರಾಜಕೀಯಕ್ಕೆ ಕಾಲಿಟ್ಟವರು. ಪ್ರಧಾನಿ ಗಾದಿಗೇರಿದ ದೇವೇಗೌಡರು ಹೊಳೆನರಸೀಪುರದ ತಾಲ್ಲೂಕು ಬೋರ್ಡಿನಲ್ಲಿ ಕೂತವರು. 2013ರಲ್ಲೂ 2023ರಲ್ಲೂ ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದ ಸಿದ್ದರಾಮಯ್ಯನವರು 1978ರಲ್ಲಿ ಗೆದ್ದದ್ದು ಮೈಸೂರು ತಾಲ್ಲೂಕು ಬೋರ್ಡಿಗೆ. ಅಲ್ಲಿಂದ ಐದೇ ವರ್ಷಕ್ಕೆ, 1983ರಲ್ಲಿ, ಚಾಮುಂಡೇಶ್ವರಿ ಕ್ಷೇತ್ರದ ಶಾಸಕರಾದರು. ಸಿದ್ದರಾಮನಹುಂಡಿಯ ಕುರುಬರ ಹುಡುಗನನ್ನು ವಿಧಾನಸೌಧಕ್ಕೆ ಕಳಿಸಿದ್ದು ತಾಲ್ಲೂಕಿನ ಆ ಮೊದಲ ಮೆಟ್ಟಿಲು. ಆ ಮೆಟ್ಟಿಲೇ ಇಲ್ಲದ ವರ್ಷಗಳಲ್ಲಿ ದುಡ್ಡಿಲ್ಲದ, ಅಪ್ಪ ಶಾಸಕನಲ್ಲದ ಹಳ್ಳಿಯ ಹುಡುಗ ಎಲ್ಲಿಂದ ಹತ್ತಬೇಕು?

ಹೆಣ್ಣುಮಕ್ಕಳ ನಷ್ಟ ಇನ್ನೂ ದೊಡ್ಡದು. 2010ರಲ್ಲಿ ಕರ್ನಾಟಕ ಪಂಚಾಯ್ತಿಗಳ ಅರ್ಧ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟಿತು. ವಿಧಾನಸಭೆಗೆ ಟಿಕೆಟ್ ಕೇಳಿದರೆ ಗೆಲ್ಲುವ ಶಕ್ತಿ ಇದೆಯೇನಮ್ಮಾ ಎಂದು ಕಳಿಸುವ ಪಕ್ಷಗಳೂ ಇಲ್ಲಿ ಅರ್ಧ ಟಿಕೆಟ್ ಕೊಡಲೇಬೇಕಾಯಿತು. ಚುನಾವಣೆಯೇ ಇಲ್ಲದಿದ್ದರೆ ಮೀಸಲಾತಿ ಗೋಡೆಗೆ ತೂಗು ಹಾಕಿದ ಪಟ. ಪರಿಶಿಷ್ಟರ, ಹಿಂದುಳಿದವರ ಮೀಸಲಾತಿಯ ಕತೆಯೂ ಅದೇ. ಮೀಸಲಾತಿ ಸರಿಯಾಗಲಿ ಎಂದು ಚುನಾವಣೆ ತಡೆದೆವು ಎನ್ನುವವರು, ತಡೆದ ಅಷ್ಟೂ ವರ್ಷ ಮೀಸಲಾತಿಯನ್ನು ಪೂರ್ತಿ ಸೊನ್ನೆ ಮಾಡಿದರು.

ಜಿಲ್ಲಾ ಪಂಚಾಯ್ತಿಗಳೇನು ದೇವಸ್ಥಾನಗಳಾಗಿದ್ದವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಲ್ಲಿ ಕಂಟ್ರಾಕ್ಟು ಹೊಡೆದ ಮೆಂಬರುಗಳಿದ್ದರು. ಹೆಂಡತಿಯ ಹೆಸರಲ್ಲಿ ಗೆದ್ದು ಕುರ್ಚಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಗಂಡಂದಿರಿದ್ದರು. ಅಧ್ಯಕ್ಷಗಿರಿಗಾಗಿ ಬಸ್ಸು ಹತ್ತಿ ರೆಸಾರ್ಟು ಸೇರಿದ ಮಹಾನುಭಾವರೂ ಇದ್ದರು. ಆದರೆ ರೆಸಾರ್ಟಿನ ದಾರಿ ಅವರಿಗೆ ತೋರಿಸಿದ ಗುರುಗಳು ಯಾರು? 2019ರಲ್ಲಿ 17 ಶಾಸಕರು ಅನರ್ಹರಾದಾಗ ವಿಧಾನಸಭೆಯನ್ನೇ ಮುಚ್ಚಿ ಆಡಳಿತಾಧಿಕಾರಿಯನ್ನು ಕೂರಿಸಿದರೇ? ಇಲ್ಲ. ಉಪ ಚುನಾವಣೆ ನಡೆಸಿದರು. ಓಟುದಾರನ ಮುಂದೆಯೇ ಹೋದರು. ಅದೇ ಸರಿಯಾದ ಕ್ರಮ. ಕಳ್ಳ ಮೆಂಬರನ್ನು ಮನೆಗೆ ಕಳಿಸುವ ದೊಣ್ಣೆ ಓಟು. ಆ ದೊಣ್ಣೆಯನ್ನೇ ಕಿತ್ತುಕೊಂಡು ಕಳ್ಳರಿದ್ದಾರೆ ಎಂದರೆ ಹೇಗೆ?

ಮಾಡಬೇಕಾದ್ದೇನು

ಮಾಡಬೇಕಾದ್ದು ಬೆಟ್ಟ ಅಗೆಯುವ ಕೆಲಸವಲ್ಲ. ಕ್ಷೇತ್ರ ವಿಂಗಡಣೆಯ ಕೆಲಸ ರಾಜ್ಯ ಚುನಾವಣಾ ಆಯೋಗಕ್ಕೆ ವಾಪಸ್ ಹೋಗಬೇಕು. ಅವಧಿ ಮುಗಿಯುವ ಆರು ತಿಂಗಳ ಮುಂಚೆ ಹೊಸ ವಿಂಗಡಣೆ, ಹೊಸ ಮೀಸಲಾತಿ ಪಟ್ಟಿ ಸಿದ್ಧವಾಗಿಲ್ಲದಿದ್ದರೆ ಹಳೆಯ ಕ್ಷೇತ್ರ, ಹಳೆಯ ಪಟ್ಟಿಯ ಮೇಲೇ ಚುನಾವಣೆ ನಡೆಯತಕ್ಕದ್ದು ಎಂದು ಕಾನೂನಿನಲ್ಲಿ ಒಂದು ಸಾಲು ಸೇರಬೇಕು. ಆಡಳಿತಾಧಿಕಾರಿಯ ನೇಮಕಕ್ಕೆ ಆರು ತಿಂಗಳ ಗಡುವು ಬೇಕು. ಆಮೇಲೆ ಅವರು ಹಾಕಿದ ರುಜುವಿಗೆ ಬೆಲೆ ಇರಬಾರದು. ಇಷ್ಟು ಮಾಡಲು ಅಧಿವೇಶನದ ಒಂದು ಮಧ್ಯಾಹ್ನ ಸಾಕು. ಸದಸ್ಯರ ಸಂಬಳ ಭತ್ಯೆ ಏರಿಸುವ ಮಸೂದೆಗಳು ಅದಕ್ಕಿಂತ ಬೇಗ ಪಾಸಾಗಿವೆ.

ಕಳೆದ ಆ ನಾಲ್ಕು ವರ್ಷಗಳನ್ನು ಯಾವ ಚುನಾವಣೆಯೂ ತಿರುಗಿ ತಂದು ಕೊಡುವುದಿಲ್ಲ. ಹೆಚ್ಚೂ ಕಡಿಮೆ ಒಂದು ಪೂರ್ತಿ ಅವಧಿಯ ಮೆಂಬರುಗಳು ಹುಟ್ಟಲೇ ಇಲ್ಲ. ಹೆಗ್ಗಡದೇವನಕೋಟೆಯ ಹಾಡಿಯಲ್ಲಿ ನೀರಿಲ್ಲ ಎಂದರೆ ಹೇಳಿಕೊಳ್ಳಲು ಹತ್ತಿರದ ಬಾಗಿಲು ಇರಲಿಲ್ಲ. ಶಾಸಕರು ಊರಲ್ಲಿದ್ದರೆ ಅವರಿಗೆ, ಇಲ್ಲದಿದ್ದರೆ ಅಧಿಕಾರಿಗೆ ಅರ್ಜಿ. 1881ರ ದಸರೆಯಲ್ಲಿ ಜಮೀನುದಾರರು ಹಿಡಿದು ನಿಂತಿದ್ದದ್ದೂ ಅರ್ಜಿಯೇ.

ಶಾಸಕ ಮಹಾಶಯರು ಓಟು ಕೇಳಲು ಬಂದೇ ಬರುತ್ತಾರೆ. ಅದೊಂದನ್ನು ಮಾತ್ರ ಅವರು ಮುಂದೂಡುವ ಹಾಗಿಲ್ಲ. ಹಾರ ಹಾಕಿ, ಆರತಿ ಎತ್ತಿ, ಪಾನಕ ಕೊಡುವವರು ಕೊಡಲಿ. ಆದರೆ ಪಾನಕ ಕುಡಿದು ಲೋಟ ಕೆಳಗಿಡುವ ಮೊದಲು ಒಂದು ಮಾತು ಕೇಳಬೇಕು: ‘ಸ್ವಾಮೀ, ನಿಮ್ಮ ಚುನಾವಣೆ ಐದು ವರ್ಷಕ್ಕೆ ಸರಿಯಾಗಿ ಬಂತು. ನಮ್ಮ ಜಿಲ್ಲೆಯದು ಯಾಕೆ ಬರಲಿಲ್ಲ?’